ಅಪ್‌ಡೇಟ್: ಮುತ್ತಜ್ಜನ ಮನೆಯಲ್ಲಿ ಆರಾಧನೆ ನಡೆಯುತ್ತಿದ್ದುದಕ್ಕೆ ದಾಖಲೆ ಸಿಕ್ಕಿತು

ಉಡುಪಿ ಕಡೆಯ ಹಳ್ಳಿಯಲ್ಲಿ ಚರ್ಚ್ ಕಟ್ಟುವ ಮೊದಲು ಮುತ್ತಜ್ಜ-ಮುತ್ತಜ್ಜಿಯ ಮನೆ ಚಾವಡಿಯಲ್ಲೇ ಭಾನುವಾರದ ಆರಾಧನೆ ನಡೆಯುತ್ತಿತ್ತು, ಅದಕ್ಕೆ ಲಿಖಿತ ಪುರಾವೆ ಎಲ್ಲಿ ಸಿಗಬಹುದು ಎಂದು ಕೇಳಿದ್ದೆ. ಸಿಕ್ಕಿದ್ದು ಸಭೆಯ (ಅಲ್ಲಿನ ಕ್ರೈಸ್ತ ಸಮುದಾಯದ) ದೀಕ್ಷಾಸ್ನಾನದ, ಅಂದರೆ ಬ್ಯಾಪ್ಟಿಸಮ್‌ನ, ರಿಜಿಸ್ಟರಿನಲ್ಲಿ.

ಕ್ರೈಸ್ತ ಹೆಸರೊಂದನ್ನೇ ಹಿಡಿದು ಹುಡುಕಬೇಡಿ, ಅದೇ ಹೆಸರಿನವರು ಹಲವರಿರುತ್ತಾರೆ. ದೀಕ್ಷಾಸ್ನಾನಕ್ಕೆ ಮುಂಚಿನ ಹಳೆಯ ಹೆಸರು, ತಂದೆಯ ಹೆಸರು, ಊರು ಮೂರೂ ಹೊಂದಬೇಕು. ಆಮೇಲೆ ಸಾಕ್ಷಿಗಳ ಕಾಲಂ ಓದಿ. ನನಗೆ ಸಿಕ್ಕ ಪುಟಗಳಲ್ಲಿ ಅಕ್ಕಪಕ್ಕದ ಮಕ್ಕಳಿಗೆಲ್ಲ ಮುತ್ತಜ್ಜ-ಮುತ್ತಜ್ಜಿಯೇ ಸಾಕ್ಷಿ. ಒಂದು ಸಾಲಿನಲ್ಲಿ, ಸ್ಥಳ ಎಂಬಲ್ಲಿ, ಮಸುಕಾದ ಶಾಯಿಯಲ್ಲಿ ಮುತ್ತಜ್ಜನ ಹೆಸರು, ಮುಂದೆ ‘ಮನೆಯಲ್ಲಿ’. ಅದನ್ನು ನೋಡಿ ಕಣ್ಣು ತುಂಬಿ ಬಂತು.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮಿಷನರಿಗಳ ವರದಿಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನ್ ಬಲ್ಲವರೂ ಅದನ್ನು ಕಲಿತೇ ಓದಬೇಕು. 1914ರ ಯುದ್ಧದಿಂದಾಗಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಯಿತು. ಹಾಗಾಗಿ ಆಮೇಲಿನ ಕಾಲಕ್ಕೆ ಸ್ಥಳೀಯ ಸಭೆಯ ಪುಸ್ತಕಗಳನ್ನೇ ನೆಚ್ಚಬೇಕು.

ಮನೆ ಗೇಣಿ ಜಾಗದಲ್ಲಿತ್ತೇ? ತಾಲೂಕು ಕಚೇರಿಯಲ್ಲಿ ಭೂನ್ಯಾಯ ಮಂಡಳಿಯ ಫಾರಂ 7 ಕಡತ ಕೇಳಿ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಕೊಟ್ಟ ಅರ್ಜಿ ಅದು. ಸರ್ವೆ ನಂಬರು, ಧಣಿಯ ಹೆಸರು ಸಿಗುತ್ತವೆ. ಹಿಸ್ಸೆಯಾದ ಜಾಗವಾದರೆ ಈಗಿನ ಪಹಣಿ ನಂಬರಿನೊಂದಿಗೆ ತಾಳೆ ನೋಡಿ.

ಫೋಟೊ ತೆಗೆಯುವಾಗ ಪುಸ್ತಕದ ರಟ್ಟು, ಪುಟಸಂಖ್ಯೆ ಬಿಡಬೇಡಿ.