ಮಂಡಿಗೆ ಕೀಹೋಲ್ ಆಪರೇಷನ್: ಎರಡೇ ತೂತು ಅಂತಾರೆ, ಆಮೇಲೆ?

ಎಡಮಂಡಿ:
ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಎರಡು ತಿಂಗಳ ಹಿಂದೆ ಬ್ಯಾಡ್ಮಿಂಟನ್ ಆಡುವಾಗ ಊರಿದ ಎಡಗಾಲು ಊರಿದಲ್ಲೇ ಇತ್ತು, ಮೈ ಮಾತ್ರ ತಿರುಗಿತು. ಒಳಗೆ ‘ಟಕ್’ ಅಂದಿದ್ದು ನನಗೇ ಕೇಳಿಸಿತು. ಅವತ್ತು ನಡೆದುಕೊಂಡೇ ಮನೆಗೆ ಬಂದೆ, ಬೆಳಗ್ಗೆ ಎದ್ದರೆ ಮಂಡಿ ಊದಿತ್ತು. ಈಗ ಊತ ಇಳಿದಿದೆ, ಆದರೆ ಕುರ್ಚಿಯಿಂದ ಏಳುವಾಗ ಕೆಲವೊಮ್ಮೆ ಮಂಡಿ ಸಿಕ್ಕಿಹಾಕಿಕೊಳ್ಳುತ್ತೆ. ಕಾಲು ನೆಟ್ಟಗಾಗೋದೇ ಇಲ್ಲ. ಅಲ್ಲಾಡಿಸಿ, ತಿರುವಿ, ಹೇಗೋ ಬಿಡಿಸಿಕೊಳ್ಳಬೇಕು.

ಎಂಆರ್‌ಐನಲ್ಲಿ ಮಂಡಿಯ ಒಳಬದಿಯ ಮೆನಿಸ್ಕಸ್ (ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೃದು ಎಲುಬು) ಹರಿದಿದೆ ಅಂತ ಬಂತು. ಆರ್ತ್ರೋಸ್ಕೋಪಿಗೆ, ಅಂದರೆ ತೂತಿನಿಂದ ಕ್ಯಾಮರಾ ತೂರಿಸಿ ಮಾಡೋ ಆಪರೇಷನ್ನಿಗೆ, ಒಂಬತ್ತು ದಿನ ಬಾಕಿ. ಡಾಕ್ಟರು ‘ಎರಡೇ ತೂತು, ಸಂಜೆಗೆ ಮನೆಗೆ ಹೋಗಬಹುದು’ ಅಂದರು. ಒಪ್ಪಿಗೆ ಪತ್ರದಲ್ಲಿ ಮಾತ್ರ ‘ಹರಿದ ಭಾಗವನ್ನು ತೆಗೆಯಬಹುದು ಅಥವಾ ಹೊಲಿಯಬಹುದು’ ಅಂತಿದೆ. ಎರಡರಲ್ಲಿ ಯಾವುದು ಅಂತ ಮೊದಲೇ ಗೊತ್ತಿರಲ್ವಾ? ಎಷ್ಟು ದಿನಕ್ಕೆ ನಡೆಯಬಹುದು, ಕೆಲಸಕ್ಕೆ ಹೋಗಬಹುದು? ಮಾಡಿಸಿಕೊಂಡವರು ಇದ್ದದ್ದು ಇದ್ದ ಹಾಗೆ ಹೇಳಿ.

ಪೀಟಿ ಮೇಷ್ಟ್ರು:
ನನ್ನ ಎರಡೂ ಮಂಡಿ ಆಗಿದೆ. ಬಲಗಡೆಯದರಲ್ಲಿ ಹರಿದ ಚೂರು ಕತ್ತರಿಸಿ ತೆಗೆದರು, ನಾಲ್ಕು ವರ್ಷದ ನಂತರ ಎಡಗಡೆಯದನ್ನು ಹೊಲಿದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಮಂಡಿಚಿಪ್ಪಿನ ಕೆಳಗೆ ಆ ಪಕ್ಕ ಈ ಪಕ್ಕ ಒಂದು ಸೆಂಟಿಮೀಟರಿಗಿಂತ ಸಣ್ಣ ಎರಡು ಗುರುತು. ಆದರೆ ಒಂದರಲ್ಲಿ ಮೂರು ವಾರಕ್ಕೆ ಶಾಲೆಯಲ್ಲಿ ಸೀಟಿ ಊದುತ್ತಿದ್ದೆ, ಇನ್ನೊಂದರಲ್ಲಿ ಮೂರು ವಾರಕ್ಕೆ ಊರುಗೋಲು ಹಿಡಿದು ಬಚ್ಚಲುಮನೆಗೆ ಹೋಗೋದೇ ಒಂದು ಯಾತ್ರೆ. ಅದಕ್ಕೇ ಹೇಳೋದು, ‘ಎರಡೇ ತೂತು’ ಅನ್ನೋ ಮಾತನ್ನು ಅಲ್ಲೇ ಬಿಟ್ಟುಬಿಡಿ. ಒಳಗೆ ಏನು ಮಾಡಿದರು ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಿಮ್ಮ ಪತ್ರದಲ್ಲಿ ಎರಡೂ ಬರೆದಿರೋದು ಸರಿಯೇ. ಮೆನಿಸ್ಕಸ್‌ಗೆ ರಕ್ತ ಬರೋದು ಹೊರ ಅಂಚಿಗೆ ಮಾತ್ರ. ಅಲ್ಲಿ ಹರಿದಿದ್ದರೆ ಹೊಲಿದರೆ ಕೂಡಿಕೊಳ್ಳುತ್ತೆ, ಒಳ ಅಂಚಿನದು ಸಾಮಾನ್ಯವಾಗಿ ಕೂಡೋದಿಲ್ಲ. ಎಂಆರ್‌ಐ ಅಂದಾಜು ಕೊಡುತ್ತೆ. ಆಪರೇಷನ್ ಮಾಡುವಾಗ ಕೊಕ್ಕೆ ಕಡ್ಡಿಯಿಂದ ಮುಟ್ಟಿ ಎಳೆದು ನೋಡಿದಾಗಲೇ ನಿಜ ಗೊತ್ತಾಗೋದು. ಹಾಗಾಗಿ ಮನೆಯಲ್ಲಿ ಆರು ವಾರಕ್ಕೆ ತಯಾರಿ ಮಾಡಿಕೊಳ್ಳಿ, ಎರಡು ವಾರದಲ್ಲಿ ಮುಗಿದರೆ ಲಾಭ.

ಆ ದಿನದ್ದು ಹೇಳ್ತೀನಿ. ‘ಯಾವ ಕಾಲು?’ ಅಂತ ನಾಲ್ಕು ಜನ ಕೇಳಿದರು. ನಾಲ್ಕನೆಯವರಿಗೆ ರೇಗಿದೆ. ಆಮೇಲೆ ಮಾರ್ಕರಿನಲ್ಲಿ ತೊಡೆ ಮೇಲೆ ಬಾಣ ಬರೆದಾಗ ಅರ್ಥವಾಯಿತು, ಕೇಳದಿದ್ದರೇ ಹೆದರಬೇಕಿತ್ತು! ಮನೆಯಲ್ಲಿ ನೀವೇ ಬ್ಲೇಡಿನಿಂದ ಕೂದಲು ತೆಗೆಯೋಕೆ ಹೋಗಬೇಡಿ. ಸಣ್ಣ ಗೀರು ಬಿದ್ದರೂ ಸೋಂಕಿಗೆ ದಾರಿ. ತೆಗೆಯಲೇಬೇಕಿದ್ದರೆ ಅವರೇ ಮೆಷಿನ್ನಿನಲ್ಲಿ ತೆಗೀತಾರೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಕಾಲು ಬೆಚ್ಚಗಾಯಿತು, ಭಾರವಾಯಿತು, ಆಮೇಲೆ ನನ್ನದೇ ಅಲ್ಲ ಅನ್ನಿಸಿತು. ಪೂರ್ತಿ ಮಲಗಿಸಿ ಮಾಡೋದೂ ಉಂಟು, ಅರಿವಳಿಕೆ ಡಾಕ್ಟರ ಹತ್ತಿರ ಮಾತಾಡಿ. ನಾನು ಎಚ್ಚರವಾಗಿದ್ದು ಪರದೆ ನೋಡಿದೆ. ನಾಲ್ಕು ಮಿಲಿಮೀಟರ್ ದಪ್ಪದ ಕ್ಯಾಮರಾ ಕೊಳವೆ, ಕೀಲು ಹಿಗ್ಗಲಿ ಅಂತ ಒಳಗೆ ಸಲೈನ್ ನೀರು ಬಿಡ್ತಾ ಇರ್ತಾರೆ. ಆ ನೀರಿನಲ್ಲಿ ಬಿಳೀ ಎಳೆಗಳು ಪಾಚಿ ಹಾಗೆ ಓಲಾಡುತ್ತಿದ್ದವು. ಹರಿದ ಮೆನಿಸ್ಕಸ್ಸಿನ ಚೂರು ಚಪ್ಪಲಿಯ ಕಿತ್ತ ಅಂಚಿನ ಥರ ಮೇಲೇಳುತ್ತಿತ್ತು. ಇದೇ ಇಷ್ಟು ದಿನ ನನ್ನನ್ನು ಕುಣಿಸಿದ್ದಾ ಅಂತ ನಗು ಬಂತು.

ಯಾರೂ ಮೊದಲೇ ಹೇಳದ ಸಂಗತಿಗಳು ಕೆಲವಿವೆ. ರಕ್ತ ತಡೆಯೋಕೆ ತೊಡೆಗೆ ಪಟ್ಟಿ ಬಿಗೀತಾರೆ, ಮಾರನೇ ದಿನ ನನಗೆ ಮಂಡಿಗಿಂತ ತೊಡೆಯೇ ಹೆಚ್ಚು ನೋವು. ಬೆನ್ನಿನ ಇಂಜೆಕ್ಷನ್ ಇಳಿಯೋವರೆಗೆ ಮೂತ್ರ ಬರೋದು ಕಷ್ಟ, ನಾಚಿಕೆ ಬಿಟ್ಟು ನರ್ಸ್‌ಗೆ ಹೇಳಿ. ಬೆಳಗ್ಗೆ ಬ್ಯಾಂಡೇಜು ಗುಲಾಬಿ ಬಣ್ಣಕ್ಕೆ ಒದ್ದೆಯಾಗಿತ್ತು, ನಾನು ರಕ್ತವೇ ಹರಿದುಹೋಯಿತು ಅಂದುಕೊಂಡೆ. ಬಹುಪಾಲು ಒಳಗೆ ಉಳಿದಿದ್ದ ಸಲೈನೇ. ಆದರೆ ಕೆಂಪಾಗಿ ತೊಟ್ಟಿಕ್ಕುತ್ತಲೇ ಇದ್ದರೆ ಫೋನ್ ಮಾಡಿ.

ಮುಖ್ಯವಾದದ್ದು ತೊಡೆ. ಮೊದಲ ದಿನ ಕಾಲನ್ನು ನೆಟ್ಟಗೆ ಎತ್ತಿ ಅಂದರು. ಎತ್ತೋಕೇ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದವನ ಕಾಲು ನನ್ನ ಮಾತೇ ಕೇಳಲಿಲ್ಲ. ಮಂಡಿ ಊದಿಕೊಂಡರೆ ತೊಡೆಯ ಮುಂದಿನ ಸ್ನಾಯು ಹಾಗೇ ಮಂಕಾಗುತ್ತಂತೆ, ಎರಡು ವಾರದಲ್ಲಿ ಬಲತೊಡೆ ಕಣ್ಣಿಗೆ ಕಾಣೋಷ್ಟು ಸಣ್ಣಗಾಯಿತು. ಅದನ್ನು ವಾಪಸ್ ತರೋದೇ ನಿಜವಾದ ಕೆಲಸ. ಕಾಲು ಚಾಚಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ಐದು ಎಣಿಸಿ ಬಿಡೋದು. ನೋಡೋರಿಗೆ ಏನೂ ಮಾಡ್ತಿಲ್ಲ ಅನ್ನಿಸುತ್ತೆ, ಮಾಡೋರಿಗೆ ಬೆವರು.

ಮತ್ತೆ ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಬೇಡಿ. ತುಂಬ ಹಾಯಾಗಿರುತ್ತೆ, ಅದೇ ಮೋಸ. ಮಡಚಿದಲ್ಲೇ ಬಿಗಿದುಕೊಂಡು ಆಮೇಲೆ ಪೂರ್ತಿ ಚಾಚೋಕೆ ಬರಲ್ಲ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಿ.

ಎಡಗಡೆ ಹೊಲಿದಾಗ ನನಗೆ ಆರು ವಾರ ಬ್ರೇಸು (ಮಂಡಿಯನ್ನು ಹಿಡಿದಿಡೋ ಕಟ್ಟು), 90 ಡಿಗ್ರಿಗಿಂತ ಮಡಚುವ ಹಾಗಿರಲಿಲ್ಲ, ನಾಲ್ಕು ತಿಂಗಳು ಕುಕ್ಕರಗಾಲು ಬಂದ್. ನಿಮ್ಮ ಸರ್ಜನ್ ಬೇರೆ ಲೆಕ್ಕ ಹೇಳಿದರೆ ಅದನ್ನೇ ಕೇಳಿ. ಬಲಗಡೆಯ ಅನುಭವ ಇದ್ದದ್ದರಿಂದ ಹತ್ತನೇ ದಿನಕ್ಕೇ ಒಂದು ಊರುಗೋಲು ಬಿಸಾಕಿ ಫಿಸಿಯೋ ಕೈಲಿ ಚೆನ್ನಾಗಿ ಬೈಸಿಕೊಂಡೆ.

ನಿಧಾನ ನಡಿಗೆ:
ನಾನು ಉಲ್ಟಾ ಹೇಳೋನು. ನನಗೆ 56. ಎಂಆರ್‌ಐನಲ್ಲಿ ಹರಿದಿದೆ ಅಂತ ಬಂತು, ಆಪರೇಷನ್ ಅಂದರು, ನಾನು ಒಲ್ಲೆ ಅಂದೆ. ಮೂರು ತಿಂಗಳು ಫಿಸಿಯೋ ಮಾಡಿ ಈಗ ದಿನಾ ನಾಲ್ಕು ಕಿಲೋಮೀಟರ್ ನಡೀತೀನಿ. 2002ರಲ್ಲಿ ಅಮೆರಿಕದಲ್ಲಿ ಸವೆದ ಮಂಡಿಯ 180 ಜನರನ್ನು ತಗೊಂಡು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದು ಕಳಿಸಿದರು. ಎರಡು ವರ್ಷದ ನಂತರವೂ ನಿಜವಾದ ಆಪರೇಷನ್ ಆದವರು ಅವರಿಗಿಂತ ಮುಂದೇನೂ ಇರಲಿಲ್ಲ. 2013ರಲ್ಲಿ ಫಿನ್ಲೆಂಡಿನವರು 146 ಜನರಲ್ಲಿ ಮೆನಿಸ್ಕಸ್ ತೆಗೆಯೋದನ್ನೇ ಹೀಗೆ ಪರೀಕ್ಷಿಸಿದರು, ಒಂದು ವರ್ಷಕ್ಕೆ ಅಲ್ಲೂ ಅದೇ ಕಥೆ. ಮಾಡಿಸಲೇಬೇಡಿ ಅಂತೀನಿ.

ಪೀಟಿ ಮೇಷ್ಟ್ರು:
@ನಿಧಾನ ನಡಿಗೆ, ನಿಮ್ಮ ವಿಚಾರದಲ್ಲಿ ನೀವು ಮಾಡಿದ್ದು ಸರಿ. ಆದರೆ ಅವೆರಡೂ ವಯಸ್ಸಿನಿಂದ ಸವೆದ ಮಂಡಿಗಳ ಲೆಕ್ಕ. ಫಿನ್ಲೆಂಡಿನವರು ಪೆಟ್ಟು ಬಿದ್ದು ಹರಿದವರನ್ನು, ಮಂಡಿ ಲಾಕ್ ಆದವರನ್ನು ಸೇರಿಸಿಕೊಳ್ಳಲೇ ಇಲ್ಲ. ಇವರದು ಆಡುವಾಗ ಹರಿದದ್ದು, ಮೇಲಾಗಿ ಸಿಕ್ಕಿಹಾಕಿಕೊಳ್ಳುತ್ತಿದೆ. ನಿಮ್ಮ ಚಪ್ಪಲಿ ಅವರ ಕಾಲಿಗೆ ಹಾಕಬೇಡಿ.

ನಿಧಾನ ನಡಿಗೆ:
ಲಾಕ್ ಆಗೋದನ್ನು ನಾನು ಓದದೇ ಹಾರಿಸಿದ್ದೆ. ‘ಮಾಡಿಸಲೇಬೇಡಿ’ ವಾಪಸ್. ‘ಯಾಕೆ ಬೇಕು’ ಅಂತ ಡಾಕ್ಟರನ್ನು ಕೇಳಿ ಅನ್ನೋದು ಮಾತ್ರ ಹಾಗೇ ಇರಲಿ.

ಹಳೇ ಗೋಲ್‌ಕೀಪರ್:
ನಮ್ಮ ಕಾಲದಲ್ಲಿ ತೂತು ಗೀತು ಇಲ್ಲ, ಮಂಡಿ ಬಿಚ್ಚಿ ಇಡೀ ಮೆನಿಸ್ಕಸ್ ಕಿತ್ತುಹಾಕಿದರು. ಗೇಣುದ್ದ ಗಾಯದ ಗುರುತು ಇನ್ನೂ ಇದೆ. ಆಗ ‘ಅದರಿಂದ ಏನೂ ಉಪಯೋಗವಿಲ್ಲ’ ಅಂದಿದ್ದರು. ಈಗ ಆ ಮಂಡಿಯಲ್ಲಿ ಮೂಳೆಗೆ ಮೂಳೆ ಉಜ್ಜುತ್ತೆ. ಹೊಲಿಯುವ ಹಾಗಿದ್ದರೆ ಹೊಲಿಸಿಕೊಳ್ಳಿ, ಆರು ವಾರ ಹೋದರೆ ಹೋಗಲಿ.

ಫಿಸಿಯೋ ಅಕ್ಕ:
ಮೇಷ್ಟ್ರು ನನ್ನ ಕೆಲಸ ಅರ್ಧ ಮಾಡಿಬಿಟ್ಟಿದ್ದಾರೆ. ಎರಡು ಸೇರಿಸ್ತೀನಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಊರುಗೋಲು ಅದರ ಜೊತೆಗೇ. ಹೋಗೋ ಮುಂಚೆಯೇ ಮನೆಯಲ್ಲಿ ಅಭ್ಯಾಸ ಮಾಡಿ. ಇನ್ನೊಂದು, ಮೀನಖಂಡ ಬಿಗಿದು ನೋವು ಬಂದು ಊದಿಕೊಂಡರೆ ಉಳುಕು ಅಂತ ತಿಕ್ಕಿಸಿಕೊಂಡು ಕೂರಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ತೋರಿಸಿ. ಉಸಿರು ಸಿಗದಿದ್ದರೆ, ಎದೆನೋವು ಬಂದರೆ ನೇರ ಎಮರ್ಜೆನ್ಸಿ. ಜ್ವರ ಬಂದು ಮಂಡಿ ಕೆಂಪಾಗಿ ಬಿಸಿಯಾಗ್ತಾ ಹೋದರೂ ಕಾಯಬೇಡಿ. ಅಪರೂಪ, ಆದರೆ ಗೊತ್ತಿರಲಿ.

ಎಡಮಂಡಿ:
ಆಯಿತು! ಇವತ್ತು ಐದನೇ ದಿನ. ಕಣ್ಣು ಬಿಟ್ಟ ತಕ್ಷಣ ಕೇಳಿದ್ದು ‘ತೆಗೆದ್ರಾ, ಹೊಲಿದ್ರಾ?’ ಅಂತ. ಹೊಲಿದಿದ್ದಾರೆ, ಹೊರ ಅಂಚಿನ ಹತ್ತಿರ ಮೂರು ಹೊಲಿಗೆ. ಬ್ರೇಸು, ಎರಡು ಊರುಗೋಲು. ಬರೆಯೋ ಕೆಲಸ ಮನೆಯಿಂದಲೇ ಮಾಡ್ತೀನಿ ಅಂತ ಮೊದಲೇ ಹೇಳಿಟ್ಟಿದ್ದೆ, ಒಳ್ಳೇದಾಯಿತು. ನೋವು ನಾನು ಅಂದುಕೊಂಡಷ್ಟು ಇಲ್ಲ, ಮಾತ್ರೆ ತಪ್ಪಿಸಿದರೆ ಮಾತ್ರ ರಾತ್ರಿ ನೆನಪಿಸುತ್ತೆ. ತೊಡೆ ಮೂರು ದಿನ ಕಲ್ಲಿನ ಹಾಗೆ ಕೂತಿತ್ತು. ನಿನ್ನೆ ಸಂಜೆ ಒತ್ತಿದಾಗ ಮಂಡಿಚಿಪ್ಪು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಕಾಣಲಿಲ್ಲ.

ಒಂದೇ ಪ್ರಶ್ನೆ: ಬ್ರೇಸಿನ ಒಳಗೆ ಭಯಂಕರ ತುರಿಕೆ. ಸ್ಕೇಲ್ ತೂರಿಸಲಾ?

ಪೀಟಿ ಮೇಷ್ಟ್ರು:
ಸ್ಕೇಲ್ ಕೆಳಗಿಡಿ! ಕತ್ತರಿಸಿದ ಕೂದಲು ವಾಪಸ್ ಬೆಳೀತಿದೆ, ಅಷ್ಟೇ ಇರಬೇಕು. ಬ್ರೇಸಿನ ಮೇಲಿಂದಲೇ ತಟ್ಟಿ. ಗುಳ್ಳೆ ಎದ್ದಿದೆಯಾ ಅಂತ ಡ್ರೆಸಿಂಗ್ ಬದಲಾಯಿಸೋ ದಿನ ನೋಡಿಸಿ.