14,000 ಸಾಲಿನ ಥ್ರೆಡ್ ಡಂಪ್, ಕೈಯಲ್ಲಿ ಟರ್ಮಿನಲ್ ಮಾತ್ರ: ನೀವು ಏನು ಬಳಸುತ್ತೀರಿ?

ಸಂಜೆ ನಾಲ್ಕು:
ನಮ್ಮದು ಜಾವಾ 8, ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್). ದಿನಾ ಸಂಜೆ ನಾಲ್ಕರ ಸುಮಾರಿಗೆ ಆ್ಯಪ್ ನಿಂತುಬಿಡುತ್ತದೆ. ಸಿಪಿಯು 5 ಪರ್ಸೆಂಟ್ ಕೂಡ ದಾಟುವುದಿಲ್ಲ. ಜೆಸ್ಟ್ಯಾಕ್ ಹೊಡೆದು ಡಂಪ್ ತೆಗೆದೆ, ಅಂದರೆ ಆ ಕ್ಷಣ ಆ್ಯಪಿನ ಒಂದೊಂದು ಥ್ರೆಡ್ (ಕೆಲಸದ ಎಳೆ) ಯಾವ ಕೋಡಿನಲ್ಲಿ ನಿಂತಿದೆ ಅನ್ನುವ ಪಟ್ಟಿ. 14,000 ಸಾಲು. ವೆಬ್‌ಸೈಟಿಗೆ ಹಾಕಿ ನೋಡುವ ಹಾಗಿಲ್ಲ, ಕಂಪನಿ ರೂಲು. ಟರ್ಮಿನಲ್ಲೇ ಗತಿ. ನೀವೆಲ್ಲ ಯಾವ ಟೂಲ್ ಬಳಸುತ್ತೀರಿ? ಅನುಭವ ಹೇಳಿ.

ಹಳೇ ಟರ್ಮಿನಲ್:
ಟೂಲ್ ಯಾಕೆ ಬೇಕು ಗುರು? ಸಾಲು ಹುಡುಕಲು ಗ್ರೆಪ್, ಜೋಡಿಸಲು ಸಾರ್ಟ್, ಎಣಿಸಲು ಯುನಿಕ್ ಮೈನಸ್ ಸಿ. ನಾನು ಇಷ್ಟು ವರ್ಷ ಅನ್ನ ತಿಂದಿದ್ದೇ ಇದರಲ್ಲಿ.

2016ರ ದೀಪಾವಳಿ. ಶಿವಮೊಗ್ಗ ಬಸ್ಸಿಗೆ 1,150 ರೂಪಾಯಿ ಕೊಟ್ಟು ಸೀಟ್ ಹಿಡಿದಿದ್ದೆ. ಸಂಜೆ ಆರೂವರೆಗೆ ಫೋನ್, ಆ್ಯಪ್ ಮಲಗಿದೆ. ಸ್ಟೇಟ್ ಸಾಲುಗಳನ್ನು ಎಣಿಸಿದರೆ 187 ಥ್ರೆಡ್ ಬ್ಲಾಕ್ಡ್. ಎಲ್ಲವೂ ಕಾಯುತ್ತಿರುವುದು ಒಂದೇ ಲಾಕಿಗೆ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ). ಆ ಲಾಕಿನ ವಿಳಾಸ ಹಿಡಿದು, "ಲಾಕ್ಡ್" ಸೇರಿಸಿ ಮತ್ತೆ ಗ್ರೆಪ್ ಮಾಡಿದೆ. ಕಳ್ಳ ಒಬ್ಬನೇ ಸಿಕ್ಕಿದ. ಲಾಗ್ ಬರೆಯುವ ಲೈಬ್ರರಿ ಲಾಗ್‌ಫೋರ್‌ಜೆ 1, ಅದರ ಕಾಲ್‌ಅಪೆಂಡರ್ಸ್. ಲಾಗ್ ಬರೆಯುತ್ತಿದ್ದದ್ದು ನೆಟ್‌ವರ್ಕ್ ಡಿಸ್ಕಿಗೆ. ಆ ಡಿಸ್ಕ್ ಅಲ್ಲಾಡುತ್ತಿರಲಿಲ್ಲ. ಪತ್ತೆಗೆ 11 ನಿಮಿಷ. ಡಿಸ್ಕ್ ಟೀಮಿನವರನ್ನು ಎಬ್ಬಿಸಲು ನಾಲ್ಕು ಗಂಟೆ. ಬಸ್ಸೂ ಹೋಯಿತು, ದುಡ್ಡೂ ವಾಪಸ್ ಬರಲಿಲ್ಲ.

ಬಿಸಿಬೇಳೆ:
ಎಣಿಕೆ ನಂಬಿಯೇ ನಾನು ಕೆಟ್ಟದ್ದು. ನನ್ನ ಡಂಪಿನಲ್ಲಿ ಬ್ಲಾಕ್ಡ್ ಒಂದೂ ಇರಲಿಲ್ಲ, ಎಲ್ಲ ರನ್ನಬಲ್. ಓಡುತ್ತಿವೆ ಅಂದುಕೊಂಡು ಎರಡು ದಿನ ಸಿಪಿಯು ಹಿಂದೆ ಬಿದ್ದೆ. ಯಾವ ಥ್ರೆಡ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಮೈನಸ್ ಹೆಚ್ ಹಾಕಿ, ಒಂದೊಂದು ಥ್ರೆಡ್ ನಂಬರನ್ನೂ ಹೆಕ್ಸಿಗೆ (16ರ ಲೆಕ್ಕದ ಅಂಕಿಗೆ) ಬದಲಾಯಿಸಿ, ಡಂಪಿನ ಎನ್‌ಐಡಿ (ಓಎಸ್ ಕೊಟ್ಟ ಥ್ರೆಡ್ ನಂಬರ್) ಜೊತೆ ತಾಳೆ ನೋಡಿದೆ. 64 ಥ್ರೆಡ್, ಪುಸ್ತಕದಲ್ಲಿ ಪೆನ್ಸಿಲಲ್ಲಿ ಬರೆದುಕೊಂಡು. ಒಂದೂ ಸಿಪಿಯು ತಿನ್ನುತ್ತಿರಲಿಲ್ಲ. ಎಲ್ಲ ನೆಟ್‌ವರ್ಕಿನಿಂದ ಓದುವ ಸಾಕೆಟ್‌ರೀಡ್0 ಒಳಗೆ ಕೂತಿದ್ದವು. ಆಚೆಯಿಂದ ಉತ್ತರ ಬರಲಿ ಅಂತ ಕಾಯುವ ಥ್ರೆಡ್ಡನ್ನೂ ಜಾವಾ ರನ್ನಬಲ್ ಅಂತಲೇ ಬರೆಯುತ್ತದೆ. ರೀಡ್ ಟೈಮ್‌ಔಟ್ (ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅನ್ನುವ ಮಿತಿ) ಹಾಕದ ಪುಣ್ಯಾತ್ಮ ನಾನೇ.

ಆಮೇಲೆ ಮೂರು ಶನಿವಾರ ಕೂತು 600 ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದೆ. ಹತ್ತು ಸೆಕೆಂಡಿಗೊಂದರಂತೆ ತೆಗೆದ ಮೂರು ಡಂಪ್ ಕೊಟ್ಟರೆ, ಒಂದೇ ಥರದ ಸ್ಟ್ಯಾಕ್‌ಗಳನ್ನು (ಥ್ರೆಡ್ಡಿನ ಕಾಲ್‌ಗಳ ಸರಣಿ) ಗುಂಪು ಮಾಡಿ, ಯಾವುದು ಜಾಗ ಬಿಟ್ಟು ಕದಲಿಲ್ಲ ಅಂತ ಹೇಳುತ್ತದೆ. ಜಾವಾ 21ಕ್ಕೆ ಹೋದಾಗ ಎನ್‌ಐಡಿ ಹೆಕ್ಸ್ ಬಿಟ್ಟು ಮಾಮೂಲಿ ಅಂಕಿಯಲ್ಲಿ ಬಂತು. ಸ್ಕ್ರಿಪ್ಟ್ ಮಕಾಡೆ. ಇನ್ನೊಂದು ಶನಿವಾರ ಹೋಯಿತು. ಆದರೂ ಗ್ರೆಪ್ ಕಡೆ ತಲೆ ಹಾಕುವುದಿಲ್ಲ.

ಹಳೇ ಟರ್ಮಿನಲ್:
ಟೈಮ್‌ಔಟ್ ಮರೆತದ್ದು ನೀವು, ಬೈಗುಳ ಗ್ರೆಪ್‌ಗೆ. ಚೆನ್ನಾಗಿದೆ.

ಬಿಸಿಬೇಳೆ:
ಬಸ್ ಟಿಕೆಟ್ ಕಥೆಗಿಂತ ವಾಸಿ ಸರ್.

ಪಾಡ್ ಪುರಾಣ:
ನಿಮ್ಮಿಬ್ಬರಿಗೂ ಡಂಪ್ ಆದರೂ ಸಿಕ್ಕಿತ್ತಲ್ಲ! ನಮ್ಮ ಕಂಟೇನರ್ ಇಮೇಜಲ್ಲಿ ಜಾವಾ ಓಡಿಸುವ ಜೆಆರ್‌ಇ ಮಾತ್ರ, ಜೆಸ್ಟ್ಯಾಕೇ ಇಲ್ಲ. ಕಂಟೇನರ್ ಒಳಗೆ ಹೋಗಿ ಜೆಸ್ಟ್ಯಾಕ್ ಇರುವ ಜೆಡಿಕೆ ಇಳಿಸಲು ಶುರು ಮಾಡಿದೆ. ಅರ್ಧ ಇಳಿಯುವಷ್ಟರಲ್ಲಿ, ಆ್ಯಪ್ ಬದುಕಿದೆಯಾ ಅಂತ ನೋಡುವ ಲೈವ್‌ನೆಸ್ ಪ್ರೋಬ್ ಫೇಲಾಗಿ ಕಂಟೇನರ್ ರೀಸ್ಟಾರ್ಟ್. ಸಾಕ್ಷಿಯೆಲ್ಲ ಮಾಯ. ಮೂರು ದಿನ ಇದೇ ಕಥೆ.

ನಾಲ್ಕನೇ ದಿನ ಜಾವಾಗೆ ಡಂಪ್ ಕೇಳುವ ಸಿಗ್ನಲ್, ಕಿಲ್ ಮೈನಸ್ 3 ಕೊಟ್ಟೆ. ಡಂಪ್ ಬಂತು, ಆದರೆ ಆ್ಯಪ್ ಲಾಗ್ ಜೊತೆಗೇ ಹೊರಗೆ ಹರಿಯಿತು. ನಮ್ಮ ಲಾಗ್ ವ್ಯವಸ್ಥೆ ಒಂದೊಂದು ಸಾಲನ್ನೂ ಬೇರೆ ಬೇರೆ ದಾಖಲೆ ಮಾಡಿತ್ತು. ಎಲ್ಲಕ್ಕೂ ಒಂದೇ ಮಿಲಿಸೆಕೆಂಡ್, ಹಾಗಾಗಿ ಕ್ರಮ ಕಲಸುಮೇಲೋಗರ. ಯಾವ ಸ್ಟ್ಯಾಕಿನ ತಲೆ ಯಾವುದರ ಬಾಲಕ್ಕೆ ಅಂಟಿದೆಯೋ ದೇವರಿಗೇ ಗೊತ್ತು. 9,000 ಸಾಲನ್ನು ಸ್ಪ್ರೆಡ್‌ಶೀಟಿಗೆ ಹಾಕಿಕೊಂಡು ರಾತ್ರಿ ಎರಡರ ತನಕ ಜೋಡಿಸಿದೆ. ಬೆಳಿಗ್ಗೆ, ಆಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹೊಸ ಹುಡುಗಿ ಕೇಳಿದಳು: "ಕಂಟೇನರ್ ಲಾಗ್ ನೇರ ತೋರಿಸುವ ಕ್ಯೂಬ್‌ಸಿಟಿಎಲ್ ಲಾಗ್ಸ್ ನೋಡಬಹುದಿತ್ತಲ್ಲ ಅಣ್ಣ? ಅಲ್ಲಿ ಸಾಲು ಸಾಲಾಗಿಯೇ ಇರುತ್ತದೆ." ನಾನು ಕಾಫಿ ತರಲು ಎದ್ದು ಹೋದೆ.

ಕಾಫಿಪುಡಿ:
ಕಿಲ್ ಮೈನಸ್ 3 ಅಂತ ಯಾರೂ ಸುಮ್ನೆ ಹೇಳಬೇಡಿ! ಅದನ್ನು ನಂಬಿ ಪ್ರೊಡಕ್ಷನ್ ಕೊಂದವನು ನಾನು. ತಿಂಗಳ ಕೊನೆ, ಸಂಬಳದ ಬ್ಯಾಚ್ ನಡೆಯುತ್ತಿತ್ತು. ಯಾರೋ ಯಾವ ಕಾಲದಲ್ಲೋ ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ಮೈನಸ್ ಎಕ್ಸ್‌ಆರ್‌ಎಸ್ ಅನ್ನುವ ಜಾವಾ ಆಪ್ಶನ್ ಸೇರಿಸಿದ್ದರು. ಅದಿದ್ದರೆ ಜಾವಾ ಆ ಸಿಗ್ನಲ್ ಹಿಡಿಯುವುದೇ ಇಲ್ಲ. ಡಂಪ್ ಬರಲಿಲ್ಲ, ಪ್ರೋಸೆಸ್ಸೇ ಸತ್ತಿತು. 40 ನಿಮಿಷ ಡೌನ್. ವಿವರಣೆ ಪತ್ರ ಬರೆದದ್ದು ಎರಡು ಸಲ. ಮೊದಲನೆಯದರಲ್ಲಿ "ದುರದೃಷ್ಟವಶಾತ್" ಇತ್ತಂತೆ, ಮ್ಯಾನೇಜರ್ ತೆಗೆಸಿದರು.

ಹಳೇ ಟರ್ಮಿನಲ್:
ಪಿಎಸ್ (ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ) ಹೊಡೆದಿದ್ದರೆ ಆ ಆಪ್ಶನ್ ಕಣ್ಣಿಗೆ ಬೀಳುತ್ತಿತ್ತು.

ಕಾಫಿಪುಡಿ:
ನಿಮ್ಮ ಕಣ್ಣಿಗೆ ಎಲ್ಲ ಬೀಳುತ್ತದೆ ಸ್ವಾಮಿ, ಬಸ್ಸೊಂದು ಬಿಟ್ಟು.

ರಾಗಿಮುದ್ದೆ:
ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಅದೇ ಸಿಗ್ನಲ್ ಕೊಟ್ಟರೆ ಗೊರೂಟೀನ್‌ಗಳನ್ನೆಲ್ಲ (ಗೋದ ಹಗುರ ಥ್ರೆಡ್‌ಗಳು) ಮುದ್ರಿಸಿ ತಾನೇ ಹೊರಟುಹೋಗುತ್ತದೆ. ಜಾವಾ ಅಭ್ಯಾಸದಲ್ಲಿ ಕೊಟ್ಟೆ. ನನ್ನದೂ ಪತ್ರ ಇದೆ.

ಪಾಡ್ ಪುರಾಣ:
ಕೇಳಿದ್ದು ಜಾವಾ ಬಗ್ಗೆ.

ರಾಗಿಮುದ್ದೆ:
ಕೇಳಿದ್ದು ಅನುಭವ. ಓದಿ.

ಸಂಜೆ ನಾಲ್ಕು:
ಇವತ್ತು ಹತ್ತು ಸೆಕೆಂಡಿಗೊಂದರಂತೆ ಮೂರು ಡಂಪ್ ತೆಗೆದೆ. ಮೂರರಲ್ಲೂ ಒಂದೇ ಚಿತ್ರ. 200 ಥ್ರೆಡ್‌ಗಳಲ್ಲಿ 190, ಡೇಟಾಬೇಸ್ ಕನೆಕ್ಷನ್ ಹಂಚುವ ಹಿಕಾರಿ ಪೂಲ್‌ನ ಗೆಟ್‌ಕನೆಕ್ಷನ್‌ನಲ್ಲಿ, ಟೈಮ್ಡ್ ವೇಟಿಂಗ್ (ಗಡುವಿಟ್ಟು ಕಾಯುವುದು). ಉಳಿದ 10 ಸಾಕೆಟ್‌ರೀಡ್0. ಆ ಹತ್ತರ ಸ್ಟ್ಯಾಕ್ ಕೆಳಗೆ ಇಳಿದರೆ, ಡೇಟಾಬೇಸ್ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು, ಕನೆಕ್ಷನ್ ಬಿಡದೆ, ಹೊರಗಿನ ಸರ್ವಿಸಿಗೆ ಎಚ್‌ಟಿಟಿಪಿ ಕಾಲ್. ಪೂಲ್ ಸೈಜ್ ನಾವು ಮುಟ್ಟಿಲ್ಲ, ಡೀಫಾಲ್ಟ್ 10.

ಬಿಸಿಬೇಳೆ:
ನನ್ನದೇ ಕೇಸು! ಹೇಳಿದೆನಲ್ಲ. ಸದ್ಯಕ್ಕೆ ಪೂಲ್ 50 ಮಾಡಿ ಬಿಡಿ.

ಹಳೇ ಟರ್ಮಿನಲ್:
50 ಮಾಡಿದರೆ ಹತ್ತರ ಬದಲು 50 ಥ್ರೆಡ್ ಅಲ್ಲೇ ಕೂತುಕೊಳ್ಳುತ್ತವೆ. ಡೇಟಾಬೇಸ್‌ನವರು ಬೇರೆ ಬೈಯುತ್ತಾರೆ. ಆ ಕಾಲನ್ನು ಟ್ರಾನ್ಸಾಕ್ಷನ್‌ನಿಂದ ಆಚೆ ತೆಗೆದು ಟೈಮ್‌ಔಟ್ ಹಾಕಿ. ಎಣಿಸಿದ್ದು ಗ್ರೆಪ್‌ನಲ್ಲೇ ತಾನೆ?

ಸಂಜೆ ನಾಲ್ಕು:
ಹೌದು ಸರ್, ಗ್ರೆಪ್. ಆದರೆ ಸ್ಟ್ಯಾಕ್ ಗುಂಪು ಮಾಡಿ ಕಣ್ಣು ಹೋಯಿತು. ಬಿಸಿಬೇಳೆ, ಆ 600 ಸಾಲಿನ ಸ್ಕ್ರಿಪ್ಟ್ ಸಿಗಬಹುದಾ?

ಬಿಸಿಬೇಳೆ:
ಅದು ಆಫೀಸ್ ಲ್ಯಾಪ್‌ಟಾಪಿನಲ್ಲಿದೆ. ಹೊರಗೆ ಕೊಡುವ ಹಾಗಿಲ್ಲ, ಕಂಪನಿ ರೂಲು.