ಸಹಾಯ ಬೇಕು: ಬೇರೆ ಕ್ಲಬ್‌ನಿಂದ ಹುಕರ್ ಎರವಲು ತರಬಹುದಾ?

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರಗ್ಬಿ ಯೂನಿಯನ್ ಲೀಗ್‌ನ ಒಂದು ಸಣ್ಣ ಕ್ಲಬ್ ನೋಡಿಕೊಳ್ಳುತ್ತಿದ್ದೇನೆ. 15 ಜನರನ್ನು ಸೇರಿಸುವುದೇ ಪ್ರತಿ ವಾರದ ತಲೆನೋವು. ಅದಕ್ಕಿಂತ ಜಾಸ್ತಿ ಕಷ್ಟ ಸ್ಕ್ರಮ್‌ನ (ಎರಡೂ ತಂಡದವರು ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು) ಮುಂದಿನ ಸಾಲಿನದು. ಅಕ್ಕಪಕ್ಕ ಇಬ್ಬರು ಪ್ರಾಪ್, ನಡುವೆ ಕಾಲಿನಿಂದ ಚೆಂಡು ಹಿಂದಕ್ಕೆಳೆಯುವ ಒಬ್ಬ ಹುಕರ್. ಮೂವರಿಗೂ ತರಬೇತಿ ಆಗಿರಲೇಬೇಕು. ಮೈಕಟ್ಟು ಇದೆ ಅಂತ ಸುಮ್ನೆ ಯಾರನ್ನೋ ನಿಲ್ಲಿಸುವ ಹಾಗಿಲ್ಲ. ಎರಡೂ ಕಡೆಯ ತಲಾ 8 ಜನರ ಒತ್ತಡ ಇವರ ಕುತ್ತಿಗೆ, ಭುಜದ ಮೇಲೆ ಬೀಳುತ್ತದೆ. ಯಾರಿಗೂ ಪೆಟ್ಟಾಗುವುದು ನನಗೆ ಬೇಡ.

ಹೋದ ವಾರ ನಮ್ಮ ಹುಕರ್‌ಗೆ ಭುಜ ನೋವಾಯಿತು. ತರಬೇತಿ ಆದ ಬದಲಿ ಹುಕರ್ ಇರಲಿಲ್ಲ. ಉಳಿದ ಆಟವೆಲ್ಲ ತಳ್ಳಾಟವಿಲ್ಲದ ಸ್ಕ್ರಮ್‌ನಲ್ಲೇ ಮುಗಿಯಿತು. ಚೆಂಡು ಹಾಕಿದವರಿಗೇ ಚೆಂಡು. ಎದುರಾಳಿಗಳಿಗೆ ಬೇಸರವಾಯಿತು. ಸಹಜ ಅಲ್ವಾ, ಅವರ ಬಲವೇ ಸ್ಕ್ರಮ್.

ಲೀಗ್ ನಡೆಸಿ ಗೊತ್ತಿರುವವರು ದಯವಿಟ್ಟು ಹೇಳಿ. ಪಂದ್ಯದ ದಿನ ಇನ್ನೊಂದು ಕ್ಲಬ್‌ನಿಂದ ಹುಕರ್ ಎರವಲು ತರಲು ನಿಮ್ಮಲ್ಲಿ ಅವಕಾಶ ಇದೆಯಾ? ನೋಂದಣಿ, ವಿಮೆ ಯಾವ ಕ್ಲಬ್‌ನ ಲೆಕ್ಕಕ್ಕೆ ಬರುತ್ತದೆ? ಹಾಗೆ ಆಡಿ ಗೆದ್ದರೆ ಲೀಗ್ ಪಟ್ಟಿಯಲ್ಲಿ ಗೆಲುವಿನ 4 ಅಂಕ ಪೂರ್ತಿ ಕೊಡುತ್ತೀರಾ? 4 ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದರೆ ಬೋನಸ್ ಅಂಕವೂ ಸಿಗುತ್ತದಾ? ನಿಮ್ಮ ನಿಯಮದಲ್ಲಿ ಬರೆದಿರುವ ಸಾಲುಗಳನ್ನೇ ಹಾಕಿದರೆ ತುಂಬಾ ಉಪಕಾರ. ಮುಂದಿನ ಸಭೆಯಲ್ಲಿ ಎಲ್ಲ ಕ್ಲಬ್‌ಗಳ ಮುಂದೆ ಇಡಬೇಕು.